ಕೆಲಸ ಬಿಡಿಸಲು ಹೋದ ಮ್ಯಾನೇಜರನ ಫಜೀತಿ

ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ನಾನು ಮ್ಯಾನೇಜರ್. ಒಳ್ಳೆ ಸುದ್ದಿ ಇದ್ದರೆ ನಮ್ಮ ಸಾವ್ಕಾರ್ರು ತಾವೇ ಹೇಳುತ್ತಾರೆ. ಕೆಟ್ಟ ಸುದ್ದಿಯಿದ್ದರೆ, "ನೀವಾ ಹೇಳ್ರಿ, ನಿಮ್ಮ ಬಾಯಿ ಮೆತ್ತಗೈತಿ" ಅಂತ ನನ್ನನ್ನು ಮುಂದೆ ದಬ್ಬುತ್ತಾರೆ. ಹಾಗೆ ದಬ್ಬಿಸಿಕೊಂಡಾಗಲೆಲ್ಲ ಏನಾದರೊಂದು ಆಗದೆ ಇರುವುದಿಲ್ಲ.

ಕುರ್ಚಿಗೆ ನಮಸ್ಕಾರ

ಗುರುಗುಂಟಾ ಕಡೆಯ ನಮ್ಮ ಹಿರಿಯ ಡ್ರೈವರ್‌ಗೆ ಕಣ್ಣು ಮಂಜಾಗಿತ್ತು. ಲಾರಿಯನ್ನು ಗೇಟಿನ ಕಂಬಕ್ಕೆ ಉಜ್ಜಿಕೊಂಡು ಬಂದ ದಿನ, ಇನ್ನು ತಡ ಮಾಡಬಾರದು ಅನ್ನಿಸಿತು. ಆದರೆ ನಾನು ಈ ಗಿರಣಿಗೆ ಬರುವ ಮೊದಲಿನಿಂದ ಲಾರಿ ಹೊಡೆದವರಿಗೆ ಇಳಿಯಿರಿ ಅನ್ನುವುದು ಹೇಗೆ? ಆಫೀಸಿಗೆ ಕರೆಸಿ, ಮಾತು ಹುಡುಕುತ್ತ ಕಿಟಕಿಯ ಹತ್ತಿರ ನಿಂತಿದ್ದೆ.

ಅವರು ಒಳಗೆ ಬಂದವರೇ ನನ್ನ ಕುರ್ಚಿಗೆ ಕೈ ಮುಗಿದರು. ಕುರ್ಚಿಗೆ ನನ್ನ ಜರ್ಕಿನ್ ತೊಡಿಸಿ, ಮೇಲೆ ಹೆಲ್ಮೆಟ್ ಇಟ್ಟಿದ್ದೆ.

"ಯಾಕ್ರಿ ಸಾಹೇಬ್ರ, ಎಲ್ಲೋ ಹೊಂಟೀರಿ?" ಅಂತ ಅದನ್ನೇ ಕೇಳಿದರು.

"ಕಾಕಾ, ನಾ ಇಲ್ಲಿದ್ದೀನಿ," ಅಂದೆ.

ಮುಂದೆ ಹೆಚ್ಚು ಹೇಳಬೇಕಾಗಲಿಲ್ಲ. "ಕಣ್ಣಿನ ಆಪರೇಷನ್ ನಾವು ಮಾಡಸ್ತೀವಿ. ಅಲ್ಲೀತನಕ ಹೊಸ ಡ್ರೈವರ್‌ಗೆ ಗಾಡಿ ಸಂಬಾಳಿಸೋದು ಕಲಿಸ್ರಿ, ಪಗಾರ ಹಂಗಾ ಇರತೈತಿ," ಅಂದಾಗ ಕಣ್ಣೊರೆಸಿಕೊಂಡು ಹೋದರು.

ಸಂಜೆ ಅವರ ಹೆಂಡತಿ ಫೋನ್ ಮಾಡಿದಾಗ ಬೈಗುಳಕ್ಕೆ ತಯಾರಾಗಿಯೇ ಎತ್ತಿದೆ. ಆ ತಾಯಿ ಅಂದರು: "ಚಲೋ ಮಾಡಿದ್ರಿ ಸಾಹೇಬ್ರ. ನಾ ಇವರ ಬೈಕ್ ಹತ್ತೋದು ಬಿಟ್ಟು ಯಾವ ಕಾಲ ಆತು! ಲಿಂಗಸುಗೂರು ಬಸ್ ಸ್ಟ್ಯಾಂಡಿನಾಗ ನಾ ಅಂತ ತಿಳದು ಬ್ಯಾರೇ ಯಾರಿಗೋ 'ಹತ್ತಲೇ, ಹೊತ್ತಾತು' ಅಂದಿದ್ರು!"

ಉಪ್ಪಿನ ಋಣ

ಗಿರಣಿಯ ಅಡುಗೆಯ ಅಮ್ಮ ಸಾಲಗುಂದದವರು. ವಯಸ್ಸಾದಂತೆ ಅವರ ನಾಲಿಗೆ ಉಪ್ಪು ಮರೆತು, ಕೈ ಮಾತ್ರ ಧಾರಾಳವಾಗಿತ್ತು. ಹಮಾಲರೆಲ್ಲ ಬಂದು, "ಆಯಿನ್ನ ತೆಗೀಬ್ಯಾಡ್ರಿ, ಆದ್ರ ಆ ಪಲ್ಯ ತಿನ್ನಾಕ ಆಗವಲ್ದು," ಅಂದರು.

ನಾನು ಹೋದೆ. "ಮದ್ಲು ಉಣ್ರಿ, ಆಮ್ಯಾಲೆ ಮಾತು," ಅಂತ ರೊಟ್ಟಿ, ಪಲ್ಯ ಬಡಿಸಿದರು. ತುತ್ತಿಗೊಮ್ಮೆ ನೀರು ಕುಡಿದು, ಮೆಲ್ಲಗೆ ಅಂದೆ: "ಆಯಿ, ನಿಮಗೂ ವಯಸ್ಸಾತು. ನೀವು ಬರೇ ರೊಟ್ಟಿ ಬಡೀರಿ. ಪಲ್ಯಾ, ಸಾರು ಮಾಡಾಕ ಇನ್ನೊಬ್ಬಾಕಿನ್ನ ಇಟ್ಕೊಳ್ಳೋಣು."

ಅವರಿಗೆ ಒಂಚೂರೂ ಬೇಸರವಾಗಲಿಲ್ಲ. "ಭಾಳ ಚಲೋ ಆತು. ನನ್ನ ತಂಗಿ ಅದಾಳ, ನಾಳೆನಾ ಕರಕೊಂಡು ಬರತೀನಿ."

ನನ್ನ ಜೀವ ತಣ್ಣಗಾಯಿತು. "ಆಕಿ ಅಡಗಿ ಹೆಂಗ್ರೀ?"

"ಚಿಂತೀನಾ ಬ್ಯಾಡ. ಆಕಿಗೆ ಅಡಗಿ ಕಲಿಸಿದಾಕಿನಾ ನಾನು!"

ಇಬ್ಬರಲ್ಲಿ ಒಬ್ಬ

ಮಸ್ಕಿಯಲ್ಲಿ ನಮ್ಮದೊಂದು ಅಕ್ಕಿ ಅಂಗಡಿ. ವ್ಯಾಪಾರ ಕುಸಿದು, ಇಬ್ಬರು ಆಳುಗಳಲ್ಲಿ ಒಬ್ಬನನ್ನು ಬಿಡಿಸಬೇಕಾಯಿತು. ತೂಕ ಮಾಡುವವನ ಹೆಂಡತಿ ತುಂಬಿದ ಬಸುರಿ. ವ್ಯಾಪಾರ ನೋಡುವವನ ಮಗಳು ಆಗಷ್ಟೇ ಕಾಲೇಜು ಸೇರಿದ್ದಳು. ಯಾರನ್ನು ಅಂತ ಬಿಡಿಸಲಿ? ಇಬ್ಬರಿಗೂ ಇದ್ದದ್ದು ಇದ್ದಂತೆ ಹೇಳಿ ಬಂದೆ. ಊಟ ಸೇರಲಿಲ್ಲ.

ಮರುದಿನ ತೂಕದವನು ಸಿಂಧನೂರಿಗೇ ಬಂದ. "ಅವನ್ನ ಇಟ್ಕೊಳ್ರಿ ಸಾಹೇಬ್ರ, ಮಗಳು ಓದಾಕತ್ತ್ಯಾಳ. ನಾ ಮೈಗಳ್ಳ ಅದೀನಿ. ಮಧ್ಯಾಹ್ನ ಚೀಲದ ಮ್ಯಾಲೆ ಮಲಗಿಬಿಡತೀನಿ."

ಅವನು ಹೋದ ಮೇಲೆ ವ್ಯಾಪಾರದವನು ಹಾಜರ್. "ಅವನ ಹೇಣತಿ ಬಸುರದಾಳ್ರಿ. ನನ್ನಾ ಬಿಡಸ್ರಿ. ನಾ ಭಾಳ ಸಿಟ್ಟಿನವ, ಗಿರಾಕಿ ಜೋಡಿ ಜಗಳ ಆಡತೀನಿ."

ನಡೆದದ್ದನ್ನೆಲ್ಲ ಸಾವ್ಕಾರ್ರಿಗೆ ಹೇಳಿದೆ. ಅವರು, "ಇಂಥಾ ಮಂದಿ ಮತ್ತ ಸಿಗತಾರೇನ್ರಿ? ಇಬ್ಬರೂ ಇರಲಿ. ಒಬ್ಬನ್ನ ಇಲ್ಲಿ ಗಿರಣಿಗೆ ಕರಸ್ರಿ," ಅಂದರು.

ಸುದ್ದಿ ಕೇಳಿ ಇಬ್ಬರೂ ಪೇಢೆ ಹಿಡಿದುಕೊಂಡು ಜೊತೆಯಲ್ಲೇ ಬಂದರು. ನಾನು ಮ್ಯಾನೇಜರ್ ಅಲ್ಲವೇ, ಬುದ್ಧಿ ಹೇಳಿದೆ: "ಚಲೋ ಆತಪ್ಪ. ಆದ್ರ ನೀ ಚೀಲದ ಮ್ಯಾಲೆ ಮಲಗೋದು ಬಿಡಬೇಕು. ನೀ ಗಿರಾಕಿ ಜೋಡಿ ಜಗಳ ಬಿಡಬೇಕು."

ಇಬ್ಬರ ಮುಖವೂ ಸಪ್ಪಗಾಯಿತು. ನನಗೆ ಕೊಟ್ಟಿದ್ದ ಪೇಢೆ ಡಬ್ಬಿಯನ್ನು ತೂಕದವನು ಮತ್ತೆ ತನ್ನ ಕಡೆ ಎಳೆದುಕೊಂಡ.

"ಅಲ್ರೀ ಸಾಹೇಬ್ರ, ದೋಸ್ತನ ಸಲುವಾಗಿ ನಾವು ಸುಳ್ಳು ಹೇಳಿದ್ರ, ನೀವು ಬಾಯಿಮಾತಿಗೆ ಒಂದ್ ಸಲಾನಾರ 'ಏ, ನೀ ಅಂಥಾವ ಅಲ್ಲ ಬಿಡಪ್ಪ' ಅನ್ನಬಾರದೇನ್ರಿ?"