ನಮ್ಮ ಮನೆಯಲ್ಲಿ ಮಾತ್ರ ಅತ್ತೆ ಕದಿಯುವುದಿಲ್ಲ!

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಎಂ.ಎ. ಓದಿ, ವರ್ಷಗಟ್ಟಲೆ ದಿನಚರಿ ಬರೆದೂ ನನ್ನ ನೆನಪನ್ನು ನಾನು ನಂಬುವುದಿಲ್ಲ. ಆದರೆ ಒಂದು ಮಾತು ಖಚಿತ: ಹೊಳೆನರಸೀಪುರದ ನಮ್ಮ ಸೋದರತ್ತೆ ಬಂದುಹೋದ ಮೇಲೆ ಯಾರ ಮನೆಯಲ್ಲೂ ಲೋಟಗಳ ಲೆಕ್ಕ ಹೊಂದುವುದಿಲ್ಲ. ನಮ್ಮ ಮನೆಯೊಂದನ್ನು ಬಿಟ್ಟು! ನನ್ನ ಹೊಟ್ಟೆಯುರಿ ಅದೇ.

ಅತ್ತೆಗೇನು ಬಡತನವೇ? ಛೆ! ನಾಲೆ ನೀರಿನ ಗದ್ದೆಯಿದೆ, ಅಟ್ಟದ ತುಂಬ ಪಾತ್ರೆಯಿದೆ. ಚಿನ್ನ ಬೆಳ್ಳಿಯನ್ನು ಅವರು ಕಣ್ಣೆತ್ತಿಯೂ ನೋಡುವುದಿಲ್ಲ. ದಿನಾ ಬಳಸಿ ತಗ್ಗುಬಿದ್ದ ಸ್ಟೀಲ್ ಲೋಟ ಕಂಡರೆ ಮಾತ್ರ ಕೈ ಸುಮ್ಮನಿರದು.

ಬಳಗದಲ್ಲಿ ಇದನ್ನು ಕಳ್ಳತನ ಎನ್ನುವವರಿಲ್ಲ. ಅರಕಲಗೂಡಿನ ಚಿಕ್ಕಪ್ಪನ ಬಾಯಲ್ಲಿ ಅದು 'ಅಬೇಸ್'. ಚನ್ನರಾಯಪಟ್ಟಣದಲ್ಲಿರುವ ದೊಡ್ಡಪ್ಪನ ಮಗಳು, ನಮ್ಮಕ್ಕ, 'ಎಗರಿಸಿದ್ರು' ಎನ್ನುತ್ತಾಳೆ. ಅವಳ ಗಂಡನಿಗೆ 'ಲಪಟಾಯಿಸಿದ್ರು' ಎಂದರೇ ತೃಪ್ತಿ. ಎಲ್ಲರೂ ಸೇರಿ ಅತ್ತೆಗೆ ಕೊಟ್ಟ ಬಿರುದು 'ಖದೀಮಮ್ಮ'. ಎದುರಿಗೇ ಹಾಗೆ ಕೂಗಿದರೆ ಅತ್ತೆ ಸನ್ಮಾನವಾದವರಂತೆ ಸೆರಗು ಸರಿಮಾಡಿಕೊಳ್ಳುತ್ತಾರೆ.

ಒಮ್ಮೆ ಚಿಕ್ಕಪ್ಪ ಅರಕಲಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಹಿಡಿದೇಬಿಟ್ಟರು. (ಮನೆಯ ಗೇಟಿನಲ್ಲಿ ಎನ್ನುತ್ತಾಳೆ ಅಕ್ಕ. ಇರಲಿ.)

"ಅಕ್ಕಯ್ಯ, ಚೀಲದಲ್ಲೇನೈತೆ?"

"ಅವರೆಕಾಯಿ ಕಣ್ಲಾ."

"ಅವರೆಕಾಯಿ ಟಣ್ ಅಂತೈತಾ?"

"ನಿಮ್ಮೂರ ಅವರೆಕಾಯಿ ಅಷ್ಟು ಬಲ್ತೋಗೈತೆ. ನಾನೇನ್ ಮಾಡ್ಲಿ?"

ಚಿಕ್ಕಪ್ಪ ಸೋತು, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು ಬಂದರು.

ಕದ್ದ ಮಾಲನ್ನು ಬಚ್ಚಿಡುತ್ತಾರೆಯೇ? ಅದೂ ಇಲ್ಲ! ಹೊಳೆನರಸೀಪುರದ ಅಡುಗೆಮನೆಯಲ್ಲಿ ಲೋಟಗಳೆಲ್ಲ ರಾಜಾರೋಷವಾಗಿ ಬೋರಲು ಕೂತಿರುತ್ತವೆ. ಯಾರು ಹೋದರೂ ಅವರವರ ಲೋಟದಲ್ಲೇ ಕಾಫಿ.

"ಅತ್ತೆ, ಇದು ನನ್ನ ಮದುವೇಲಿ ಹೆಸರು ಕೊರೆಸಿದ ಲೋಟ!" ಎಂದು ಅಕ್ಕ ಕಿರುಚಿದರೆ, ಅತ್ತೆ, "ಊಂ ಕಣಮ್ಮಿ. ಬ್ಯಾರೇರ ಲ್ವಾಟದಲ್ಲಿ ನಿಂಗ್ಯಾಕ್ ಕೊಡ್ಲಿ? ನೀನೇನ್ ಒರಗ್ನೋಳಾ?" ಎಂದರು.

ನನಗೆ? ಶೋಕೇಸಿನಿಂದ ಇಳಿಸಿದ ಪಿಂಗಾಣಿ ಕಪ್ಪು, ಸಾಸರಿನ ಸಮೇತ! ಅಕ್ಕ ತನ್ನ ಸೊಟ್ಟ ಲೋಟದಿಂದ ಸೊರ್ರೆಂದು ಹೀರುವಾಗ, ನಾನು ಹೆಣ್ಣು ನೋಡಲು ಬಂದವರ ಹಾಗೆ ಕಪ್ಪಿನ ಕಿವಿ ಹಿಡಿದು ಕೂತಿದ್ದೆ. ಆ ಲೋಟವನ್ನು ನಾನೇ ಎಗರಿಸಿಬಿಡೋಣ ಅನ್ನಿಸಿತ್ತು.

ಅತ್ತೆ ಹಾಸನದ ನಮ್ಮ ಮನೆಗೆ ಬಂದಾಗಲೆಲ್ಲ ಗಾಳ ಹಾಕಿ ನೋಡಿದೆ. ಒಮ್ಮೆಯಂತೂ ಲೋಟವನ್ನು ಅವರ ಚೀಲದ ಮೇಲೇ ಇಟ್ಟೆ. ಬಾಗಿಲವರೆಗೆ ಹೋದವರು ವಾಪಸ್ಸು ಬಂದರು.

"ಲ್ವಾಟ ಇಂಗೆ ಬುಟ್ರೆ ಯಾರಾದ್ರೂ ಒತ್ಕೊಂಡೋಯ್ತಾರೆ ಕಣವ್ವ. ಎತ್ತಿಡು!"

ಯಾರಾದರೂ ಅಂದರೆ ಯಾರು, ತಾಯಿ?

ಅಕ್ಕನಿಗೆ ಫೋನ್ ಮಾಡಿ ಗೋಳು ತೋಡಿಕೊಂಡೆ. ನಗುತ್ತಿದ್ದವಳು ಥಟ್ಟನೆ ನಿಲ್ಲಿಸಿದಳು.

"ನಿಮ್ಮನೇಲಿ ಒಂದ್ಸಲ ಆ ಮಾತು ಬಂದಿತ್ತಲ್ಲೇ."

ನಾನು ಚಿಕ್ಕವಳಿದ್ದಾಗ, ಅಮ್ಮನ ಹೆಸರು ಕೊರೆದ ಲೋಟವೊಂದು ಕಾಣದೆ, ಅಮ್ಮ ಎಲ್ಲರೆದುರಿಗೆ ಅತ್ತೆಯನ್ನು 'ಕಳ್ಳಿ' ಎಂದಿದ್ದರಂತೆ. ಅಬೇಸೂ ಅಲ್ಲ, ಖದೀಮಮ್ಮನೂ ಅಲ್ಲ. ಬರೀ 'ಕಳ್ಳಿ'. ಲೋಟ ಆಮೇಲೆ ಬಚ್ಚಲುಮನೆಯ ಹಂಡೆಯ ಹಿಂದೆ ಸಿಕ್ಕಿತಂತೆ. ನನಗೆ ಆ ಮಾತು ನೆನಪಿಲ್ಲ. ನೆನಪಿರುವುದು ಇಷ್ಟೇ: ಅತ್ತೆ ಅಂಗಳದಲ್ಲಿ ಚೀಲವನ್ನು ತಲೆಕೆಳಗು ಮಾಡಿ ಕೊಡವುತ್ತಿದ್ದರು, ಒಂದಿಷ್ಟು ವೀಳ್ಯದೆಲೆ ಮಾತ್ರ ಬಿತ್ತು, ಆಟವೆಂದುಕೊಂಡು ನಾನು ನಗುತ್ತ ಆರಿಸಿಕೊಟ್ಟೆ. ಕೇಳೋಣವೆಂದರೆ ಅಮ್ಮ ಈಗಿಲ್ಲ.

ಹೋದ ವಾರ ಅತ್ತೆ ಬಂದಾಗ ಅದೇ ಲೋಟದಲ್ಲಿ ಕಾಫಿ ಕೊಟ್ಟೆ. ಕುಡಿದು, ತಾವೇ ತೊಳೆದು, ಅಮ್ಮನ ಹೆಸರಿನ ಮೇಲೆ ಹೆಬ್ಬೆರಳಾಡಿಸುತ್ತ ನಿಂತರು. ನಾನು ಬೇಕೆಂದೇ ಒಲೆಯ ಕಡೆ ತಿರುಗಿದೆ. ಹಾಲು ಕಾಯಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಿರುಗಿಯೇ ಇದ್ದೆ. ಬೆನ್ನ ಹಿಂದೆ ಚೀಲ ತೆರೆದ ಸದ್ದಾಗಲಿಲ್ಲ. ಕೊನೆಗೆ ಗೋಡೆಯನ್ನು ನೋಡುತ್ತಲೇ ಕೇಳಿದೆ.

"ಅತ್ತೆ, ನಿಮ್ಮ ಚೀಲದಲ್ಲಿ ಇನ್ನೊಂದು ಲೋಟಕ್ಕೆ ಜಾಗ ಇದ್ಯಾ?"