ಮಡಿ ಡಬ್ಬಿ

ನಾನು ಹೆದರುವುದು ಎರಡಕ್ಕೆ. ಒಂದು ಕರೆಂಟು, ಇನ್ನೊಂದು ನಮ್ಮ ಅವ್ವನ ಮಡಿ. ಎರಡೂ ಕಣ್ಣಿಗೆ ಕಾಣುವುದಿಲ್ಲ, ಮುಟ್ಟಿದ ಮೇಲೆಯೇ ಗೊತ್ತಾಗುತ್ತದೆ. ಸವಣೂರಿನಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಎಂಜಿನ್ನು, ಕರೆಂಟು ನೋಡಿಕೊಳ್ಳುವ ನನಗೆ ಮೊದಲನೆಯದನ್ನಾದರೂ ಪಳಗಿಸಿದ್ದೇನೆಂಬ ಜಂಬವಿತ್ತು. ಎರಡನೆಯದರ ಮಾತು ಬಿಡಿ.

ಸ್ವಾತಂತ್ರ್ಯ ಬಂದ ಮರುವರ್ಷ ಮುಂಬಯಿಯಿಂದ ಒಂದು ಕೊಳವೆ ದೀಪ ತಂದೆ. ಯಲವಿಗಿ ಸ್ಟೇಷನ್ನಿನಿಂದ ಊರತನಕ ಚಕ್ಕಡಿಯಲ್ಲಿ ಅದನ್ನು ಹಸುಗೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಬಂದೆ. ಪಕ್ಕದ ಜಿನ್ನಿನಿಂದ ಮನೆಗೆ ತಂತಿ ಎಳೆದುಕೊಳ್ಳಲು ಅದರ ಸಾಹುಕಾರರ ಅಪ್ಪಣೆಯಾಗಿತ್ತು. ಆದರೆ ಈ ದೀಪಕ್ಕೆ ಸಾಕೆನ್ನುವುದೇ ಗೊತ್ತಿಲ್ಲ. ಬಿಟ್ಟರೆ ಕರೆಂಟು ಎಳೆದೆಳೆದು ತಾನೇ ಸುಟ್ಟುಹೋಗುತ್ತದೆ. ಅದಕ್ಕೆ ಕಡಿವಾಣ ಹಾಕಲು ಚೋಕ್ ಎಂಬ, ತಂತಿ ಸುತ್ತಿದ ಕಬ್ಬಿಣದ ಗಟ್ಟಿ ಬೇಕು. ಅದನ್ನು ಹಳೆಯ ಬಿಸ್ಕೀಟಿನ ಡಬ್ಬಿಯಲ್ಲಿ ಕೂರಿಸಿ, ಗಾಳಿಯಾಡಲು ತೂತು ಕೊರೆದು, ಹಿತ್ತಿಲ ಬಾಗಿಲ ಪಕ್ಕದ ಗೋಡೆಗೆ ಬಿಗಿದೆ. ಆಮೇಲೆ ಹೊಳೆಯಿತು. ಅವ್ವ ನಸುಕಿನಲ್ಲಿ ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ, ಬರಿಗಾಲಲ್ಲಿ, ಇದೇ ಗೋಡೆಗೆ ಕೈಯೂರಿ ತುಳಸಿಗೆ ಹೋಗುತ್ತಾಳೆ. ಡಬ್ಬಿಯೊಳಗೆ ತಂತಿಯ ಹೊದಿಕೆ ಎಲ್ಲಾದರೂ ಸವೆದು ತಗಡಿಗೆ ಕರೆಂಟು ಹರಿದರೆ ಅವ್ವ ಉಳಿಯುವುದಿಲ್ಲ.

ಉಪಾಯವೆಂದರೆ ಅರ್ಥ್ ಕೊಡುವುದು. ಡಬ್ಬಿಯಿಂದ ಒಂದು ತಂತಿ ಎಳೆದು, ಹಸಿ ನೆಲದಲ್ಲಿ ಹುಗಿದ ಕಬ್ಬಿಣದ ಕೊಳವೆಗೆ ಕಟ್ಟಿದರೆ, ದಾರಿ ತಪ್ಪಿದ ಕರೆಂಟು ಭೂಮಿಗಿಳಿದು ಫ್ಯೂಸು ಹಾರುತ್ತದೆ. “ಡಬ್ಬಿಗೆ ಅರ್ಥ ಕೊಡಲಿಕ್ಕೆ ಹತ್ತೀನಿ” ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಜೀವಮಾನವೆಲ್ಲ ಶ್ಲೋಕಗಳಿಗೆ ಅರ್ಥ ಹೇಳಿದವರು.

“ಮೊದಲ ಅನ್ವಯ ಮಾಡಿದೇನು?” ಎಂದರು.

“ಆ ಅರ್ಥ ಅಲ್ರಿ ಅಪ್ಪಾ. ಇದನ್ನ ನೆಲದಾಗ ಹುಗೀಬೇಕು.”

“ನಿನಗ ಕಲಿಸಿದ ಸಾಲಿ ಮಾಸ್ತರೂ ಅದನ್ನ ಮಾಡಿದ್ರು.”

ನಮ್ಮ ಮನೆಯಲ್ಲಿ ವರ್ಷವಿಡೀ ಹಸಿಯಾಗಿರುವ ನೆಲವೆಂದರೆ ತುಳಸಿಕಟ್ಟೆಯ ಬುಡ. ಅಲ್ಲಿ ಹಾರೆ ಹಿಡಿದು ನಿಂತವನನ್ನು ಅವ್ವ ಕಂಡಳು. “ತುಳಸಮ್ಮನ ಬುಡಕ್ಕ ಕಬ್ಬಿಣ ಹೆಟ್ಟತೀಯೇನೋ? ನಿನ್ನ ದೀಪಾ ಒಯ್ದು ಜಿನ್ನಿನಾಗ ಹಚ್ಚಿಕೋ.”

“ನಿನ್ನ ಜೀವದ ಸಲುವಾಗಿನ ಅವ್ವಾ ಇದು” ಎಂದು ಗೋಗರೆದೆ. ಕೊನೆಗೆ ಕಟ್ಟೆಯಿಂದ ತುಸು ಆಚೆ, ನೀರು ಹರಿದುಹೋಗುವಲ್ಲಿ ಜಾಗ ಸಿಕ್ಕಿತು. ಆದರೆ ಒಂದು ಕರಾರು. ತುಳಸಿಯ ನೀರು ಕೊಳವೆಗೆ ಮುಟ್ಟಿದ ಮೇಲೆ ಅದಕ್ಕೆ ಕಟ್ಟಿದ ಡಬ್ಬಿಯೂ ಮಡಿ. ಮಿಂದು ಒದ್ದೆ ಪಂಚೆಯಲ್ಲಿದ್ದವರೇ ಅದನ್ನು ಮುಟ್ಟಬೇಕು. ಜಾಗ ಸಿಕ್ಕ ಖುಷಿಯಲ್ಲಿ ಹೂಂ ಎಂದುಬಿಟ್ಟೆ.

ಕೆಲವು ತಿಂಗಳ ಮೇಲೆ ಒಂದು ನಸುಕಿನಲ್ಲಿ ಸ್ವಿಚ್ಚು ಒತ್ತಿದೆ. ಫಟ್ ಎಂದಿತು, ಕತ್ತಲಾಯಿತು. ಕಂದೀಲು ಹಿಡಿದು ಓಡಿದರೆ ಅವ್ವ ಒದ್ದೆ ಸೀರೆಯಲ್ಲಿ, ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಾಳೆ.

“ಅವ್ವಾ!”

“ಯಾಕ ಒದರ್ತೀ? ನೀ ಮೈಲಿಗಿ ಇದ್ದೀ, ದೂರ ನಿಂದರು.”

ಅವ್ವನ ಬೈಗುಳ ಅಷ್ಟು ಹಿತವಾಗಿ ಎಂದೂ ಕೇಳಿಸಿರಲಿಲ್ಲ. ಡಬ್ಬಿಯೊಳಗೆ ಸವೆದ ತಂತಿಯ ಕರೆಂಟು ನೆಲಕ್ಕಿಳಿದು ಫ್ಯೂಸು ಹಾರಿತ್ತು, ಅವ್ವ ಗಟ್ಟಿಯಾಗಿದ್ದಳು. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ.

ಈಗ ಡಬ್ಬಿ ಬಿಚ್ಚಿ ತಂತಿ ಬದಲಿಸಬೇಕಲ್ಲ. ಒದ್ದೆ ಬಟ್ಟೆಯಲ್ಲಿ ಮುಟ್ಟಬೇಡ ಎನ್ನುತ್ತದೆ ನನ್ನ ಕಸುಬು, ಒಣ ಬಟ್ಟೆಯಲ್ಲಿ ಮುಟ್ಟಬೇಡ ಎನ್ನುತ್ತಾಳೆ ಅವ್ವ. ವಾರವಿಡೀ ಕಂದೀಲಿನಲ್ಲೇ ಉಂಡೆವು. ಕಡೆಗೆ ಅಪ್ಪನೇ ದಾರಿ ತೋರಿದರು. “ಪೂಜಿಗೆ ಉಡೋ ರೇಷ್ಮಿ ಮಗುಟ ಅದ ಅಲ್ಲಪಾ. ಒಣಗಿದ್ರೂ ಮಡಿನೇ.”

ಅಂತೂ ಜಿನ್ನಿನ ಕಡೆಯ ತಂತಿ ಕಳಚಿಟ್ಟು, ಮದುವೆಯ ಮಗುಟ ಉಟ್ಟು, ಬಾಯಲ್ಲಿ ಮೊಳೆ ಕಚ್ಚಿಕೊಂಡು, ಸ್ಟೂಲು ಹತ್ತಿ ರಿಪೇರಿ ಮಾಡಿದೆ. ಜಿನ್ನಿನ ಮಂದಿ ಗೋಡೆಯ ಮೇಲಿಂದ ನೋಡಿದರು. ಅಂದಿನಿಂದ ಎಂಜಿನ್ನು ಗಕ್ಕನೆ ನಿಂತಾಗಲೆಲ್ಲ, ನಾನು ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಳ್ಳುವುದರೊಳಗೆ ಹಿಂದಿನಿಂದ ಯಾರಾದರೂ ಭಕ್ತಿಯಿಂದ ಕೇಳುತ್ತಾರೆ: “ಮಗುಟ ತರಿಸೋಣೇನ್ರಿ?”