ಒತ್ರಿ, ಹಿಡೀರಿ, ಬಿಡ್ರಿ

ಹಳೆಯ ಕಾರು ಇಟ್ಟುಕೊಂಡವನ ಮನೆಯಲ್ಲಿ ನಗುವಿಗೆ ಬರವಿಲ್ಲ. ನಗುವವರು ಮಾತ್ರ ಬೇರೆಯವರು. ನನ್ನ ಹಳೆಯ ಕಾರು ಹೋಗಿ, ಅದನ್ನು ರಿಪೇರಿ ಮಾಡಿಸುತ್ತಿದ್ದ ಬೈಲಹೊಂಗಲದ ಗ್ಯಾರೇಜಿದ್ದಲ್ಲಿ ಮೊಬೈಲ್ ಅಂಗಡಿ ಬಂದು ಬಹಳ ವರ್ಷಗಳಾದವು. ಆದರೂ ಬ್ರೇಕ್ ಆಯಿಲ್ ವಾಸನೆ ಬಂದರೆ ಎರಡು ಸಾವಿರದ ಇಸವಿಯ ಆಸುಪಾಸಿನ ಆ ವಾರ ನೆನಪಾಗುತ್ತದೆ.

೧. ಸೋರಿಕೆ

ಮುಂದಿನ ಎಡಗಾಲಿಯ ಕೆಳಗೆ ಎಣ್ಣೆಯ ಕಲೆ.

"ಗಾಡಿ ಸೋರಾಕ ಹತ್ತೈತ್ರಿ" ಎಂದಳು ಹೆಂಡತಿ.

"ಗಾಡಿ ಅಲ್ಲ, ಕ್ಯಾಲಿಪರ್. ಅಂದ್ರ ಬ್ರೇಕ್ ಒತ್ತಿದಾಗ ಗಾಲಿಯ ತಟ್ಟೆಯನ್ನ ಎರಡೂ ಕಡೆಯಿಂದ ಹಿಡಿಯುವ..."

"ಹಿಡೀತೈತೋ ಇಲ್ಲೋ, ಅಷ್ಟ ಹೇಳ್ರಿ. ಐತವಾರ ರಾಮದುರ್ಗದಾಗ ತಮ್ಮನ ಮನಿ ವಾಸ್ತುಶಾಂತಿ. ಬ್ರೇಕ್ ಇಲ್ಲದ ಗಾಡ್ಯಾಗ ಸವದತ್ತಿ ಇಳಿಜಾರು ಇಳಿಯಾಕ ನಾ ಒಲ್ಲೆ. ಬಸ್ಸಿಗೆ ಹೋಗತೇನಿ."

ಇಬ್ಬರೂ ಕಾರಿನಲ್ಲೇ ಬರುತ್ತೇವೆಂದು ನಾನು ಭಾವಮೈದುನನಿಗೆ ಪತ್ರ ಬರೆದಾಗಿತ್ತು. ಮಾತಿಗೆ ತಪ್ಪುವವನು ನಾನಲ್ಲ. ಅವಳೂ ಅಲ್ಲ.

೨. ಸ್ವಚ್ಛ ಜಾಗ

ಗ್ಯಾರೇಜಿನ ಮಿಸ್ತ್ರಿ ಕ್ಯಾಲಿಪರ್ ಬಿಚ್ಚಿ, ಎಣ್ಣೆ ಸೋರದಂತೆ ತಡೆಯುವ ಹಳೆಯ ರಬ್ಬರ್ ಸೀಲು ತೆಗೆದರು. ನಾನು ಕಾರಿನ ಇಂಗ್ಲಿಷ್ ಪುಸ್ತಕ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

"ಮಿಸ್ತ್ರಿ, ಹೊಸ ಸೀಲು ಸ್ವಚ್ಛ ಜಾಗದಾಗ ಇಡಬೇಕಂತ ಬರದಾರ."

ಅವರು ಸುತ್ತಲೂ ನೋಡಿದರು. ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ತೆರೆದ ಪುಟದ ಮೇಲೆ ಸೀಲು ಇಟ್ಟರು.

"ನಮ್ಮ ಗ್ಯಾರೇಜಿನ್ಯಾಗ ಸ್ವಚ್ಛ ಇರೋದು ಇದೊಂದ ರೀ, ಸಾಹೇಬ್ರ."

೩. ಒಂದು ಶಬ್ದ, ಒಂದು ಅರ್ಥ

ಕೊನೆಗೆ ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವ ಕೆಲಸ. ನಾನು ಸೀಟಿನಲ್ಲಿ, ಮಿಸ್ತ್ರಿ ಗಾಲಿಯ ಹತ್ತಿರ. "ಒತ್ರಿ" ಎಂದಾಗ ಪೆಡಲ್ ಒತ್ತಬೇಕು. "ಹಿಡೀರಿ" ಎಂದಾಗ ಹಾಗೇ ಹಿಡಿಯಬೇಕು. ಅವರು ಸ್ಕ್ರೂ ಸಡಿಲಿಸಿ, ಗಾಳಿ ಹೊರಹಾಕಿ, ಮತ್ತೆ ಬಿಗಿದ ಮೇಲೆ "ಬಿಡ್ರಿ". ಮೊದಲೇ ಬಿಟ್ಟರೆ ಗಾಳಿ ತಿರುಗಿ ಒಳಗೆ.

ಸ್ಕ್ರೂ ಸಡಿಲವಾಗಿದ್ದಾಗಲೇ ಎದುರಿನ ಚಹಾದಂಗಡಿಯವರು ಕೂಗಿದರು: "ಸಾಹೇಬ್ರ ಗಾಡಿ ಇವತ್ತರ ಆಗತೈತೇನ್ರಿ?"

"ಇದೇನ ದೊಡ್ಡ ಕೆಲಸ, ಬಿಡ್ರಿ!" ಎಂದರು ಮಿಸ್ತ್ರಿ.

ನಾನು ಬಿಟ್ಟೆ.

"ಯಾಕ ಬಿಟ್ರಿ?"

"ನೀವ ಅಂದ್ರಿ."

"ಅದು ಅವರಿಗ್ರಿ!"

ಒಂದು ಶಬ್ದಕ್ಕೆ ಒಂದೇ ಅರ್ಥ ಇರಬೇಕೆಂದು ನಾನು ‘ಬಿಡ್ರಿ’ ರದ್ದು ಮಾಡಿ ‘ರಿಲೀಸ್’ ಜಾರಿಗೆ ತಂದೆ. ಮತ್ತೆ ಒತ್ತಿ ಹಿಡಿದಿದ್ದೆ. ಟಾಕೀಸಿನ ಆಟೋ ಮೈಕು ಹಚ್ಚಿಕೊಂಡು ಬಂತು: "ಇಂದಿನಿಂದ ಭರ್ಜರಿ ರಿಲೀಸ್!"

ನಾನು ಮತ್ತೆ ಬಿಟ್ಟೆ. ಮಿಸ್ತ್ರಿ ಮುಖದ ಎಣ್ಣೆ ಒರೆಸಿಕೊಂಡರು. "ಸಾಹೇಬ್ರ, ನೀವು ಪಿಕ್ಚರ್ ನೋಡಿ ಬರ್ರಿ. ನಾ ಚಹಾದವ್ರ ಕಾಲು ತಗೋತೇನಿ."

೪. ಇಳಿಜಾರು

ಬ್ರೇಕ್ ಸರಿಯಾಗಿದೆ ಎಂದು ಮಿಸ್ತ್ರಿಯೇ ಹೇಳಿದ್ದರಿಂದ ಐತವಾರ ಹೆಂಡತಿ ಚೀಲ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕುಳಿತಳು. ಸವದತ್ತಿ ಇಳಿಜಾರಿನಲ್ಲಿ ಎಮ್ಮೆಗಳು ಅಡ್ಡ ಬಂದವು. ಒತ್ತಿದೆ. ಕಾರು ಮೊಳೆ ಹೊಡೆದಂತೆ ನಿಂತಿತು.

"ನೋಡಿದ್ಯಾ? ಪಿಸ್ಟನ್ ಸುತ್ತ ಸೀಲು, ಸೀಲಿನ ಹಿಂದ..."

"ಗೊತ್ತಾತು, ಸಾಕು ಬಿಡ್ರಿ!"

ಕಾಲು ಬಿಟ್ಟಿತು.

ಕಾರು ಮೆಲ್ಲಗೆ ಜಾರಿ ಕೊನೆಯ ಎಮ್ಮೆಯ ಬಾಲಕ್ಕೆ ತಾಗಿತು. ಮತ್ತೆ ಒತ್ತಿ ನಿಲ್ಲಿಸಿದೆ. ಎಮ್ಮೆ ತಿರುಗಿ ನನ್ನನ್ನು ನೋಡಿತು. ಹೆಂಡತಿ ನೋಡಲೂ ಇಲ್ಲ. ಇಳಿದು, ಹಿಂದೆ ಬಂದ ಬಸ್ಸಿಗೆ ಕೈ ಮಾಡಿದಳು.

ನಾನು ರಾಮದುರ್ಗ ಮುಟ್ಟಿದಾಗ ಭಾವಮೈದುನ ಬಾಗಿಲಲ್ಲೇ ಕೇಳಿದ: "ಮಾಮಾ, ಬ್ರೇಕ್ ಛಲೋ ಆದ್ವೇನ್ರಿ?"

ಒಳಗಿನಿಂದ ಅವಳ ಉತ್ತರ ಬಂತು: "ಬ್ರೇಕ್ ಭಾಳ ಛಲೋ ಆಗ್ಯಾವೋ ತಮ್ಮಾ. ಇನ್ನ ನಿಮ್ಮ ಮಾಮಾನ ಕಾಲೊಂದು ಬಿಚ್ಚಿ ನೋಡೋದು ಉಳದೈತಿ."